ಟಿಪ್ಪು ಸುಲ್ತಾನರ ರಾಕೆಟ್ಟು ಮತ್ತು ಸಂವೇಗದ ಪಾಠ

ಟಿಪ್ಪು ಸುಲ್ತಾನ್ ಶಹೀದರ ಶೌರ್ಯದ ಕಥೆಗಳನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ವಿಜ್ಞಾನ ಪುಸ್ತಕದಲ್ಲಿ ಬರುವ ಸಂವೇಗದ ಪಾಠಕ್ಕೂ ಅವರಿಗೂ ಇರುವ ನಂಟು ಹಲವರಿಗೆ ತಿಳಿದಿಲ್ಲ.

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, ತಂದೆ ಹೈದರಾಲಿಯವರ ಸೈನ್ಯದಲ್ಲಿ ಹರೆಯದಲ್ಲೇ ಯುದ್ಧಕಲೆ ಕಲಿತರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆ ಸೋತ ಕದನದಲ್ಲಿ ಮೈಸೂರಿನ ರಾಕೆಟ್ಟುಗಳೂ ಹಾರಿದ್ದವು. ಆ ಕದನದ ಚಿತ್ರ ನಮ್ಮ ಮೇಟಗಳ್ಳಿಗೆ ಹತ್ತಿರದ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ಇದೆ. 1782ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಟಿಪ್ಪು ಪಟ್ಟಕ್ಕೆ ಬಂದು ರಾಕೆಟ್ ಪಡೆಯನ್ನು ಇನ್ನಷ್ಟು ಬೆಳೆಸಿದರು. ಬೆಂಗಳೂರಿನ ತಾರಾಮಂಡಲಪೇಟೆ ಎಂಬ ಹೆಸರು ಆ ಕಾಲದ ನೆನಪು.

ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದೇ ರೇಖೀಯ ಸಂವೇಗ. ನಿಂತಿರುವ ರಾಕೆಟ್ಟಿನ ಸಂವೇಗ ಸೊನ್ನೆ. ಮದ್ದು ಉರಿದು 100 ಗ್ರಾಂ ಅನಿಲ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹಿಂದಕ್ಕೆ ಚಿಮ್ಮಿತೆಂದುಕೊಳ್ಳಿ. ಆಗ ಉಳಿದ 3 ಕಿಲೋ ರಾಕೆಟ್ಟು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗಬೇಕು. ಎರಡೂ ಕಡೆಯ ಗುಣಲಬ್ಧ 30. ದಿಕ್ಕು ಬೇರೆಯಾದ್ದರಿಂದ ಮೊತ್ತ ಮತ್ತೆ ಸೊನ್ನೆ. ಅನಿಲದ ವೇಗ ಹೆಚ್ಚಬೇಕಾದರೆ ಕೊಳವೆಯೊಳಗಿನ ಒತ್ತಡ ಹೆಚ್ಚಬೇಕು. ಕಾಗದದ ಕೊಳವೆ ಅದನ್ನು ತಡೆಯದೆ ಒಡೆಯುತ್ತದೆ. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದ್ದರ ಗುಟ್ಟು ಇದೇ.

ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ನೂಕುಬಲ ಸ್ವಲ್ಪ ಓರೆಯಾದರೂ ಬರೀ ಕೊಳವೆ ಗಿರಗಿರನೆ ತಿರುಗಿಬಿಡುತ್ತದೆ. ಉದ್ದನೆಯ ವಸ್ತು ಅಷ್ಟು ಬೇಗ ತಿರುಗದು. ಬಾಲಕ್ಕೆ ತಾಗುವ ಗಾಳಿಯೂ ಅದನ್ನು ನೇರಕ್ಕೆ ತರುತ್ತದೆ.

1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ಪಡೆ ರಾಕೆಟ್ಟು ಮತ್ತು ಗುಂಡಿನ ದಾಳಿಗೆ ಸಿಕ್ಕಿ ಹಿಂದೆ ಸರಿಯಿತು. ಆದರೆ ಮೇ 4ರಂದು ಕೋಟೆ ಬಿತ್ತು. ಸುಲ್ತಾನರು ಕಾದಾಡುತ್ತಲೇ ಹುತಾತ್ಮರಾದರು. ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ಮಾಡಿ, ಫಲಿತಾಂಶ ಬರೆದಿಟ್ಟು, ಪುಸ್ತಕವನ್ನೂ ಅಚ್ಚು ಹಾಕಿಸಿದನು. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ತೆಗೆದು, ರಾಕೆಟ್ಟು ಬುಗುರಿಯಂತೆ ತನ್ನ ಸುತ್ತ ತಿರುಗುತ್ತಾ ಹಾರುವಂತೆ ಮಾಡಿದನು. ತಿರುಗುವ ವಸ್ತುವಿನ ಕೋನೀಯ ಸಂವೇಗ ಅದರ ಅಕ್ಷದ ದಿಕ್ಕನ್ನು ಸುಲಭವಾಗಿ ಬದಲಾಗಲು ಬಿಡದು.

ಇತ್ತ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಅವನ್ನು ಮಾಡಿದ ಕಮ್ಮಾರರ ಕೈಯಲ್ಲಿ ವಿದ್ಯೆಯಿತ್ತು. ಅದನ್ನು ಅಳೆದು, ಬರೆದು, ಮುಂದಿನವರಿಗೆ ಕಲಿಸುವ ಶಾಲೆ ಬೆಳೆಯಲಿಲ್ಲ. ಆದ್ದರಿಂದ ಮಕ್ಕಳೇ, ಸೂತ್ರವನ್ನು ಬಾಯಿಪಾಠ ಮಾಡಿ ನಿಲ್ಲಿಸಬೇಡಿ. ಮಾಡಿ ನೋಡಿ, ಅಳೆಯಿರಿ, ಬರೆದಿಡಿ. ಸುಲ್ತಾನರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.