ಎಡಗೈಯ ಪಿಸ್ತೂಲು

ನಮ್ಮ ವಾಮದಪದವು ಕಡೆ ಕೋವಿ ಅಂದರೆ ತೋಟದ ಕೋವಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರರ ನಡುವಿನ ಊರುಗಳಲ್ಲಿ ಅಡಿಕೆ ತೋಟಕ್ಕೆ ಮಂಗ, ಹಂದಿಯ ಕಾಟ ಅಂತ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡ ಉದ್ದ ನಳಿಗೆಯ ಕೋವಿ. ಚುನಾವಣೆ ಬಂತು ಅಂದರೆ ಅದನ್ನು ಸ್ಟೇಷನ್ನಿಗೆ ಕೊಂಡುಹೋಗಿ ಠೇವಣಿ ಇಡಬೇಕು. ಆ ಕೋವಿಗೆ ಎರಡು ಕೈ ಬೇಕು, ಹೆಗಲೂ ಬೇಕು. ಸ್ಪರ್ಧೆಯ ಪಿಸ್ತೂಲಿನ ಲೆಕ್ಕ ಬೇರೆ. ಅಲ್ಲಿ ಒಂದೇ ಕೈ. ಇನ್ನೊಂದು ಕೈಯಿಂದ ಆಧಾರ ಕೊಟ್ಟರೆ ನಿಯಮ ಮುರಿದ ಹಾಗೆ. ಈ ಲೇಖನದ ಮನುಷ್ಯ ಎರಡು ಒಲಿಂಪಿಕ್ ಚಿನ್ನ ಗೆದ್ದದ್ದು ಈ ನಿಯಮದ ಒಳಗೇ.

ಹಂಗೇರಿಯ ಕಾರೊಯ್ ತಕಾಚ್. ನಮ್ಮ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ, ಮೋಟಿವೇಷನ್ ವೀಡಿಯೊಗಳಲ್ಲಿ ಕರೋಲಿ ಟಕಾಕ್ಸ್ ಅಂತ ಬರುವುದು ಇವರೇ. ಎರಡು ನಿಮಿಷದ ವೀಡಿಯೊದಲ್ಲಿ ಕೈ ಹೋಗುತ್ತದೆ, ಛಲ ಬರುತ್ತದೆ, ಪದಕ ಬರುತ್ತದೆ, ಹಿನ್ನೆಲೆಯಲ್ಲಿ ಸಂಗೀತ ಜೋರಾಗುತ್ತದೆ. ನಡುವಿನ ಹತ್ತು ವರ್ಷ ಎಲ್ಲಿ ಹೋಯಿತು ಅಂತ ಯಾರೂ ಹೇಳುವುದಿಲ್ಲ. ನಮಗೆ ಮುಖ್ಯ ಅನ್ನಿಸಿದ್ದು ಆ ಹತ್ತು ವರ್ಷವೇ.

ತಕಾಚ್ ಹುಟ್ಟಿದ್ದು 1910ರ ಜನವರಿ 21ರಂದು, ಬುಡಾಪೆಸ್ಟಿನಲ್ಲಿ. ದೊಡ್ಡವರಾದ ಮೇಲೆ ಸೈನ್ಯ ಸೇರಿ ಸಾರ್ಜೆಂಟ್ ಆದರು. ಪಿಸ್ತೂಲಿನಲ್ಲಿ ದೇಶದ ಅತ್ಯುತ್ತಮ ಗುರಿಕಾರರ ಸಾಲಿಗೆ ಬಂದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಬೇಕಿತ್ತು, ಆದರೆ ಕಳಿಸಲಿಲ್ಲ. ಕಾರಣ ಕೇಳಿದರೆ ಸಿಟ್ಟು ಬರುತ್ತದೆ ಮಾರಾಯ್ರೆ. ಹಂಗೇರಿ ತಂಡದಲ್ಲಿ ಆಫೀಸರ್‌ಗಳಿಗೆ ಮಾತ್ರ ಜಾಗ, ಇವರು ಬರೀ ಸಾರ್ಜೆಂಟ್. ಗುರಿ ಎಷ್ಟು ಸರಿ ಇದ್ದರೇನು, ಭುಜದ ಮೇಲಿನ ಪಟ್ಟಿ ಸಾಲಲಿಲ್ಲ. ಬರ್ಲಿನ್ ಆದ ಮೇಲೆ ಆ ನಿಯಮ ತೆಗೆದರು. ತಕಾಚ್ 1940ರ ಟೋಕಿಯೊಗೆ ಹೊರಡಲು ತಯಾರಿ ಶುರುಮಾಡಿದರು.

1938ರಲ್ಲಿ ಸೈನ್ಯದ ತರಬೇತಿಯ ಹೊತ್ತಿಗೆ ದೋಷ ಇದ್ದ ಒಂದು ಗ್ರೆನೇಡ್ ಅವರ ಬಲಗೈಯಲ್ಲೇ ಸಿಡಿಯಿತು. ಗುರಿ ಹೊಡೆಯುತ್ತಿದ್ದ ಕೈ ಛಿದ್ರವಾಯಿತು. ಒಂದು ತಿಂಗಳು ಆಸ್ಪತ್ರೆ. ಆಗ ವಯಸ್ಸು 28.

ಯಕ್ಷಗಾನ ನೋಡಿ ಬೆಳೆದ ನಮಗೆ ಇಲ್ಲಿ ಏಕಲವ್ಯ ನೆನಪಾಗದೆ ಇರುವುದಿಲ್ಲ. ಬಲಗೈ ಹೆಬ್ಬೆರಳು ಹೋದ ಬಿಲ್ಲುಗಾರ. ಅರ್ಜುನನಿಗೆ ಸವ್ಯಸಾಚಿ ಅಂತ ಹೆಸರು, ಅಂದರೆ ಎಡಗೈಯಲ್ಲೂ ಬಾಣ ಬಿಡಬಲ್ಲವನು. ತಕಾಚ್‌ಗೆ ಮೊದಲು ಏಕಲವ್ಯನ ಪಾಡು ಬಂತು, ಆಮೇಲೆ ಅವರು ತಾನೇ ಕೂತು ಸವ್ಯಸಾಚಿ ಆದರು. ಆಸ್ಪತ್ರೆಯಿಂದ ಬಂದು ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರುಮಾಡಿದರು.

ಎಡಗೈಗೆ ಬದಲಾಯಿಸುವುದು ಅಂದರೆ ಎಂತ ಅಂತ ನಾವು ಇಂಜಿನಿಯರಿಂಗ್ ಓದುವವರು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಸುಮಾರು 220 ಮಿಲಿಮೀಟರ್ ದೂರ ಅಂತ ಇಟ್ಟುಕೊಳ್ಳಿ. ಗುರಿ ಇರುವುದು 25 ಮೀಟರ್ ದೂರದಲ್ಲಿ. ಎರಡು ಸೈಟ್‌ಗಳ ಹೊಂದಾಣಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ, ಸಮರೂಪ ತ್ರಿಭುಜದ ಲೆಕ್ಕದಲ್ಲಿ ಗುಂಡು ಸುಮಾರು 114 ಮಿಲಿಮೀಟರ್ ಆಚೆ ಬೀಳುತ್ತದೆ. ಈಗಿನ ರ್‍ಯಾಪಿಡ್ ಫೈರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 100 ಮಿಲಿಮೀಟರ್, ಅಂದರೆ ನಡುವಿನಿಂದ ಬರೀ 50. ಒಂದು ಮಿಲಿಮೀಟರ್ ತಪ್ಪಿಗೆ ಹತ್ತು ಹೋಗಿ ಎಂಟು ಸಿಗುತ್ತದೆ. ಆ ಒಂದು ಮಿಲಿಮೀಟರನ್ನು ಕಾಯುವುದು ಮಣಿಕಟ್ಟು, ಅಂಗೈ, ಟ್ರಿಗರ್ ಮೇಲಿನ ಬೆರಳು. ತಕಾಚ್ ವರ್ಷಗಟ್ಟಲೆ ಪಳಗಿಸಿದ್ದ ಇಡೀ ಯಂತ್ರ ಹೋಗಿತ್ತು. ಹೊಸ ಯಂತ್ರಕ್ಕೆ ಸೊನ್ನೆಯಿಂದ ಕ್ಯಾಲಿಬ್ರೇಷನ್ ಆಗಬೇಕಿತ್ತು.

ಅವರ ಸ್ಪರ್ಧೆಯೂ ಸುಲಭದ್ದಲ್ಲ. ರ್‍ಯಾಪಿಡ್ ಫೈರ್‌ನಲ್ಲಿ ಐದು ಟಾರ್ಗೆಟ್ ಸಾಲಾಗಿ ನಿಂತಿರುತ್ತವೆ. ಕೈ ಕೆಳಗಿಳಿಸಿ ಕಾಯಬೇಕು. ಸಮಯ ಶುರುವಾದ ಕೂಡಲೇ ಕೈ ಎತ್ತಿ ಒಂದೊಂದಕ್ಕೆ ಒಂದೊಂದು ಗುಂಡು. ಮೊದಲು 8 ಸೆಕೆಂಡಿನಲ್ಲಿ ಐದು, ಮತ್ತೆ 6ರಲ್ಲಿ ಐದು, ಕೊನೆಗೆ 4ರಲ್ಲಿ ಐದು. ಒಟ್ಟು 60 ಗುಂಡು, 600 ಅಂಕ. ಸಣ್ಣ ಕ್ಯಾಲಿಬರ್ ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ. ಪಾಯಿಂಟ್ ಟೂ ಟೂ ಅಂದರೆ 5.6 ಮಿಲಿಮೀಟರ್‌ನ ಗುಂಡು ಹಗುರ. ಸಂವೇಗ ಸಂರಕ್ಷಣೆಯ ನಿಯಮದ ಪ್ರಕಾರ ಗುಂಡು ಹಗುರ ಇದ್ದಷ್ಟೂ, ಪಿಸ್ತೂಲು ಭಾರ ಇದ್ದಷ್ಟೂ ಹಿಂದಕ್ಕೆ ಒದೆಯುವುದು ಕಡಿಮೆ, ಮುಂದಿನ ಟಾರ್ಗೆಟ್‌ಗೆ ಬೇಗ ತಿರುಗಬಹುದು.

1939ರ ವಸಂತದಲ್ಲಿ ಹಂಗೇರಿಯ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ತಕಾಚ್ ಅಲ್ಲಿಗೆ ಬಂದದ್ದು ನೋಡಿ ಹಳೆಯ ಜೊತೆಗಾರರು ಹತ್ತಿರ ಬಂದು ಸಮಾಧಾನ ಹೇಳಿದರಂತೆ. ನೋಡಲು ಬಂದದ್ದು ಅಂತ ಅವರ ಲೆಕ್ಕ. ತಕಾಚ್ ಎಡಗೈಯಲ್ಲಿ ಪಿಸ್ತೂಲು ಎತ್ತಿದರು, ಚಾಂಪಿಯನ್ ಆದರು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಹಂಗೇರಿ ತಂಡದಲ್ಲೂ ಇದ್ದರು.

ವೀಡಿಯೊ ಮಾಡುವವರು ಇಲ್ಲಿಂದ ನೇರ ಪದಕಕ್ಕೆ ಹಾರುತ್ತಾರೆ. ನಿಜವಾಗಿ ನಡೆದದ್ದು ಬೇರೆ. ಮಹಾಯುದ್ಧ ಶುರುವಾಯಿತು, 1940ರ ಒಲಿಂಪಿಕ್ಸ್ ರದ್ದು. 1944ರದ್ದೂ ರದ್ದು. ಅಪಘಾತ ಕಿತ್ತುಕೊಂಡದ್ದನ್ನು ಅವರು ಒಂದೇ ವರ್ಷದಲ್ಲಿ ವಾಪಸು ಪಡೆದಿದ್ದರು. ಯುದ್ಧ ಕಿತ್ತುಕೊಂಡ ಎಂಟು ವರ್ಷಕ್ಕೆ ಯಾವ ಅಭ್ಯಾಸದ ಮದ್ದೂ ಇರಲಿಲ್ಲ. ಮುಂದೆ ಸ್ಪರ್ಧೆ ಇರುತ್ತದೆ ಅಂತ ಗ್ಯಾರಂಟಿ ಇಲ್ಲದೆ ಅಭ್ಯಾಸ ಮುಂದುವರಿಸುವುದು, ಪರೀಕ್ಷೆಯ ಟೈಮ್‌ಟೇಬಲ್ ಬರದೆ ಪುಸ್ತಕವನ್ನೇ ತೆರೆಯದ ನಮಗೆ ಊಹೆಗೂ ಸಿಗುವುದಿಲ್ಲ.

1948ರಲ್ಲಿ ಲಂಡನ್. ತಕಾಚ್‌ಗೆ 38. ಎಲ್ಲರ ಕಣ್ಣು ಅರ್ಜೆಂಟೀನಾದ ವಿಶ್ವ ಚಾಂಪಿಯನ್ ಕಾರ್ಲೋಸ್ ಎನ್ರಿಕೆ ದಿಯಾಸ್ ಸಾಯೆನ್ಸ್ ವಾಲಿಯೆಂಟೆ ಮೇಲೆ. ಇಲ್ಲಿ ಯಾಕೆ ಬಂದಿರಿ ಅಂತ ಅವರು ತಕಾಚ್ ಹತ್ತಿರ ಕೇಳಿದರಂತೆ, ಕಲಿಯಲು ಬಂದೆ ಅಂತ ತಕಾಚ್ ಅಂದರಂತೆ. ಸ್ಪರ್ಧೆ ಮುಗಿಯುವಾಗ ತಕಾಚ್ 580 ಅಂಕ, ಹಳೆಯ ವಿಶ್ವ ದಾಖಲೆಗಿಂತ ಹತ್ತು ಜಾಸ್ತಿ. ಗುಂಡಿಗೆ ಸರಾಸರಿ 9.67. ಅರ್ಜೆಂಟೀನಾದವರಿಗೆ 571, ಬೆಳ್ಳಿ. ಇನ್ನು ಕಲಿತದ್ದು ಸಾಕು ಅಂತ ಅವರೇ ಬಂದು ಅಭಿನಂದಿಸಿದರು ಅನ್ನುತ್ತಾರೆ.

1952ರ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ, 579 ಅಂಕ. ಒಂದೇ ಅಂಕ ಹಿಂದೆ ಬೆಳ್ಳಿ ಗೆದ್ದದ್ದು ಸಿಲಾರ್ಡ್ ಕುನ್, ತಕಾಚ್ ತಾವೇ ತರಬೇತಿ ಕೊಟ್ಟ ಹುಡುಗ. 1956ರಲ್ಲಿ ಹಂಗೇರಿಯಲ್ಲಿ ದಂಗೆ ಎದ್ದು ಬುಡಾಪೆಸ್ಟಿಗೆ ಸೋವಿಯತ್ ಟ್ಯಾಂಕ್‌ಗಳು ನುಗ್ಗಿದ ಕೆಲವೇ ವಾರಗಳಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಬಂತು. ಅಲ್ಲಿ ತಕಾಚ್‌ಗೆ ಎಂಟನೇ ಸ್ಥಾನ. ಆದರೂ ಬಿಡಲಿಲ್ಲ, 1958ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಜೀವನದಲ್ಲಿ 35 ರಾಷ್ಟ್ರೀಯ ಪ್ರಶಸ್ತಿ. ಸಾರ್ಜೆಂಟ್ ಅಂತ ಹೊರಗಿಟ್ಟ ಆ ಸೈನ್ಯದಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. 1976ರ ಜನವರಿ 5ರಂದು ತೀರಿಕೊಂಡರು. 66 ತುಂಬಲು 16 ದಿನ ಬಾಕಿ ಇತ್ತು. ಅವರು ಗೆದ್ದ ಅದೇ ರ್‍ಯಾಪಿಡ್ ಫೈರ್‌ನಲ್ಲಿ, ಅದೇ ಲಂಡನ್‌ನಲ್ಲಿ, 2012ರಲ್ಲಿ ನಮ್ಮ ದೇಶಕ್ಕೆ ಬೆಳ್ಳಿ ತಂದ ವಿಜಯ್ ಕುಮಾರ್ ಕೂಡ ಆಗ ಸೈನ್ಯದಲ್ಲೇ ಇದ್ದರು, ಸುಬೇದಾರ್ ಆಗಿ. ಅವರನ್ನು ರ್‍ಯಾಂಕ್ ನೋಡಿ ಯಾರೂ ತಡೆಯಲಿಲ್ಲ.

ಈಗ ನಮ್ಮ ವಿಷಯ. ಕ್ಯಾಂಪಸ್ಸಿನಲ್ಲಿ ಶೂಟಿಂಗ್ ಮೇಲೆ ಆಸೆ ಇರುವವರು ಬೇಕಾದಷ್ಟು ಜನ ಉಂಟು. ಎಲ್ಲರೂ ಮೊದಲು ಕೇಳುವುದು ಬ್ರಾಂಡ್: ವಾಲ್ಥರ್, ಸ್ಟೈಯರ್, ಮೊರಿನಿ, ಪಾರ್ಡಿನಿ. ವಿದೇಶಿ ಪಿಸ್ತೂಲಿಗೆ ಲಕ್ಷ ದಾಟುತ್ತದೆ, ಮನೆಯಲ್ಲಿ ಕೇಳುವ ಧೈರ್ಯ ಬೇಕಲ್ಲ. ತಕಾಚ್ ಬದುಕು ನೋಡಿದರೆ ಪ್ರಶ್ನೆಯ ಕ್ರಮವೇ ಬೇರೆ. ಮೊದಲು ನಿಮ್ಮದು ಯಾವ ಕೈ, ಯಾವ ಕಣ್ಣು ಮುಖ್ಯ ಅಂತ ನೋಡಿ. ಆಮೇಲೆ ಹಿಡಿ. ಸ್ಪರ್ಧೆಯ ಪಿಸ್ತೂಲಿನ ಮರದ ಹಿಡಿ ಅಂಗೈಯ ಅಚ್ಚಿನ ಹಾಗಿರುತ್ತದೆ. ಬಲಗೈಯದ್ದನ್ನು ಎಡಗೈಗೆ ಕೊಟ್ಟರೆ ಹೆಬ್ಬೆರಳಿಗೆ ಜಾಗವೇ ಇಲ್ಲ, ಎಡಚರಿಗೆ ಬೇರೆ ಹಿಡಿ ಬೇಕು. ಮತ್ತೆ ಟ್ರಿಗರ್. ರ್‍ಯಾಪಿಡ್ ಫೈರ್‌ನಲ್ಲಿ ಕನಿಷ್ಠ 1000 ಗ್ರಾಂ ಒತ್ತಡ, 10 ಮೀಟರ್ ಏರ್ ಪಿಸ್ತೂಲಿನಲ್ಲಿ 500 ಗ್ರಾಂ. ಆಮೇಲೆ ತೂಕ, ಕೊನೆಗೆ ಬ್ರಾಂಡ್. ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಲೈಸೆನ್ಸ್ ಬೇಕು, ಹಾಗಾಗಿ ನಮ್ಮಂಥವರು ಶುರುಮಾಡುವುದು 4.5 ಮಿಲಿಮೀಟರ್‌ನ ಏರ್ ಪಿಸ್ತೂಲಿನಲ್ಲೇ, ಕೋಚ್ ಇರುವ ರೇಂಜ್‌ನಲ್ಲೇ. ಒಂದು ಕ್ಲಬ್ಬಿನ ಪಿಸ್ತೂಲಿನಲ್ಲಿ ಕೆಲವು ತಿಂಗಳು ಹೊಡೆದು ನೋಡಿ, ಕೈಗೆ ಎಂತ ಬೇಕು ಅಂತ ಕೈಯೇ ಹೇಳುತ್ತದೆ.

ನಮ್ಮಲ್ಲಿ ಎಡಚರು ಇದ್ದಾರೆ. ಅಂಗಡಿಯಲ್ಲಿ ಎಡಗೈಯಲ್ಲಿ ದುಡ್ಡು ಕೊಟ್ಟು ಬೈಸಿಕೊಂಡವರು, ಪರೀಕ್ಷಾ ಹಾಲ್‌ನಲ್ಲಿ ಬಲಗಡೆ ಹಲಗೆ ಇರುವ ಕುರ್ಚಿಯಲ್ಲಿ ತಿರುಚಿಕೊಂಡು ಬರೆದವರು. ಎಡಗೈ ಅಂದರೆ ಕೈಲಾಗದ ಕೈ ಅಂತ ಅವರು ಚಿಕ್ಕಂದಿನಿಂದ ಕೇಳಿದ್ದಾರೆ. ಇನ್ನೊಮ್ಮೆ ಯಾರಾದರೂ ಹಾಗೆ ಹೇಳಿದರೆ ಜಗಳ ಬೇಡ, 580 ಅಂತ ಒಂದು ಸಂಖ್ಯೆ ಹೇಳಿದರೆ ಸಾಕು.