ದಿವಾನ್ ವಿಶ್ವೇಶ್ವರಯ್ಯನವರ ಚರಿತ್ರೆ

ನಂಜನಗೂಡನ್ನು ದಾಟಿ ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದನ್ನು ನೀವೆಲ್ಲರೂ ಬಲ್ಲಿರಿ. ಆ ಕಾವೇರಿಗೆ ಮೇಲುಗಡೆ ಕನ್ನಂಬಾಡಿಯಲ್ಲಿ ಕಟ್ಟೆ ಹಾಕಿಸಿದ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಬಡವನು ಮೇಲೇಳಲು ತನ್ನ ಕೈಯನ್ನೇ ನಂಬಬೇಕೋ, ಸರ್ಕಾರದ ಕೈಯನ್ನು ನೋಡಬೇಕೋ ಎಂದು ನಮ್ಮ ಕೂಟಗಳಲ್ಲಿ ಆಗಾಗ ಏಳುವ ಚರ್ಚೆಗೆ ಇದು ಬಹಳ ಸಮೀಪವಾದದ್ದು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯವನ್ನು ಸೇರಿದರು. ಪರರ ಮಕ್ಕಳಿಗೆ ಪಾಠ ಹೇಳಿ ಬಂದ ಹಣದಿಂದ ತಮ್ಮ ಓದನ್ನು ಸಾಗಿಸಿ, 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇಷ್ಟು ಸ್ವಂತ ಶ್ರಮದಿಂದಾಯಿತು. ಆದರೆ ಪುಣೆಯಲ್ಲಿ ಎಂಜಿನಿಯರ್ ವಿದ್ಯೆಯನ್ನು ಕಲಿಯುವುದಕ್ಕೆ ಮೈಸೂರು ಸರ್ಕಾರವೇ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಈ ಸಂಗತಿಯನ್ನು ಓದುಗರು ಮರೆಯಬಾರದು. 1883ರ ಪರೀಕ್ಷೆಯಲ್ಲಿ ಅವರೇ ಮೊದಲಿಗರಾದರು.

ಬೊಂಬಾಯಿ ಪ್ರಾಂತ್ಯದಲ್ಲಿ ಬಹುಕಾಲ ಸೇವೆಮಾಡಿದ ಬಳಿಕ 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿಯ ಕೆಲಸವು ಆರಂಭವಾಯಿತು. ಮರುವರ್ಷ ಅವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಸರ್ಕಾರವು ನೀರು, ವಿದ್ಯೆ, ಉದ್ಯಮಗಳಿಗೆ ಅನುಕೂಲ ಮಾಡಿಕೊಡಬೇಕು, ಜನರಾದರೋ ಸೋಮಾರಿತನವನ್ನು ಬಿಟ್ಟು ದುಡಿಯಬೇಕು ಎಂಬುದೇ ಅವರ ಮತವಾಗಿತ್ತು.

ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಉದ್ಯೋಗಗಳಲ್ಲಿ ಪಾಲು ಕೊಡುವ ವಿಚಾರಕ್ಕಾಗಿ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಎಂಬವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಯೋಗ್ಯತೆಯೊಂದನ್ನೇ ನೋಡತಕ್ಕದ್ದೆಂದು ದಿವಾನರು ಒಪ್ಪದೆ, ಆ ವರ್ಷವೇ ಪದವಿಯನ್ನು ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಸಮುದಾಯಗಳಿಗೆ ಸಲ್ಲಬೇಕೆಂದು ಸಮಿತಿಯು ಹೇಳಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಆಯಿತು.

ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷದವನಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಶಾಲೆಯ ಜಗಲಿಯನ್ನು ಹತ್ತಲಾರದೆ ಹೊರಗೆ ನಿಂತಿದ್ದ ಕಾಲವದು. ತಲಾಂತನ್ನು ಕೈಗೆ ಕೊಡದೆ ಅದರ ಲಾಭವನ್ನು ಕೇಳಿದ ಯಜಮಾನನು ಸಾಮ್ಯದಲ್ಲಿ ಇಲ್ಲವಷ್ಟೆ. ಆದರೂ ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟ ಆಳು ಅಲ್ಲಿದ್ದಾನೆ. ಸರ್ಕಾರದ ವೇತನವು ಬಂದಾಗ ಅದನ್ನು ಹೆಂಡದಂಗಡಿಗೆ ಸುರಿದು, ಮಗನನ್ನು ಕುರಿ ಕಾಯಲು ಅಟ್ಟಿದ ಮನೆಯನ್ನು ಉಪದೇಶಿಯಾದ ನಾನು ಕಣ್ಣಾರೆ ಕಂಡಿದ್ದೇನೆ. ವಿಶ್ವೇಶ್ವರಯ್ಯನವರು ತಮಗೆ ದೊರೆತ ವೇತನವನ್ನು ಹಾಗೆ ಹಾಳುಮಾಡಲಿಲ್ಲ.

1923ರಲ್ಲಿ ಮಹಾರಾಜರ ಕೋರಿಕೆಯ ಮೇರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಭಾರವನ್ನು ಹೊತ್ತು, ನಷ್ಟದಲ್ಲಿದ್ದ ಅದನ್ನು ಸರಿಪಡಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸುಬನ್ನು ಕಲಿಸುವ ಶಾಲೆಗೆ ಅದು ವಿನಿಯೋಗವಾಗಲೆಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಆ ಶಾಲೆಗೆ ತಮ್ಮ ಹೆಸರನ್ನಲ್ಲ, ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನು ಇಡಿಸಿದರು. ನೂರು ವರ್ಷ ತುಂಬಿದ ಮೇಲೆ, 1962ರಲ್ಲಿ ಅವರು ತೀರಿಹೋದರು.