ಗುರ್ಲಹೊಸೂರಿನಿಂದ ಪುಣೆಯವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಿರ್ಲೋಸ್ಕರ್ ಎಂಬ ಹೆಸರನ್ನು ಕೇಳದವರು ಯಾರಿದ್ದಾರೆ? ನಮ್ಮ ಕಟ್ಟಡದ ತಳದ ತೊಟ್ಟಿಯಿಂದ ಮೇಲಿನ ತೊಟ್ಟಿಗೆ ನೀರೇರಿಸುವ ಪಂಪಿನ ಮೇಲೆ ಆ ಹೆಸರಿರುತ್ತದೆ. ಊರಿನ ಹೊಲದ ಬಾವಿಯ ಪಂಪುಸೆಟ್ಟಿನ ಮೇಲೂ ಇರುತ್ತದೆ. ಖಡಕಿಯ ಒಂದು ರಸ್ತೆಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರಿದೆ. ಆದರೆ ಈ ಹೆಸರಿನ ಹಿಂದಿರುವ ಮನುಷ್ಯ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಎಂಬುದು ನಮ್ಮ ಹೊಸ ತಲೆಮಾರಿನವರಿಗೆ ಅಷ್ಟಾಗಿ ತಿಳಿದಿಲ್ಲ. ಮನೆಮಾತು ಮರಾಠಿಯಾದ ಕುಟುಂಬ; ಮಣ್ಣು ಕನ್ನಡದ್ದು. ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದರಲ್ಲಿ ನಾವು ಯಾರ ಪಾಲನ್ನೂ ಕಸಿದುಕೊಳ್ಳುತ್ತಿಲ್ಲವೆಂದು ಭಾವಿಸುತ್ತೇವೆ.

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾಂಡಿತ್ಯವಿದ್ದವರು. ಮರಾಠಿ ಸಂಗೀತ ನಾಟಕದ ಆದ್ಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಮನೆತನದವರು, ಇದೇ ಗುರ್ಲಹೊಸೂರಿನವರು. ಅವರ ಶಾಕುಂತಲ ನಾಟಕ 1880ರಲ್ಲಿ ರಂಗವೇರಿದ್ದು ಪುಣೆಯಲ್ಲೇ. ಒಂದು ಚಿಕ್ಕ ಹಳ್ಳಿ ಪುಣೆಗೆ ರಂಗಭೂಮಿಯನ್ನೂ ಯಂತ್ರಗಳನ್ನೂ ಕೊಟ್ಟಿತೆಂದರೆ ಅತಿಶಯೋಕ್ತಿಯೆನಿಸೀತು. ಆದರೂ ಲೆಕ್ಕ ಹಾಗೆಯೇ ಇದೆ.

ಪಂಡಿತರ ಮಗನಿಗೆ ಶಾಲೆಯ ಪಾಠ ರುಚಿಸಲಿಲ್ಲ. ಕೈಗೆ ಸಿಕ್ಕಿದ ಯಂತ್ರಗಳು ಮತ್ತು ಚಿತ್ರಗಳು, ಇವೆರಡರಲ್ಲೇ ಆಸಕ್ತಿ. ಅಣ್ಣ ರಾಮಚಂದ್ರರಾಯರ (ಎಲ್ಲರ ಬಾಯಲ್ಲಿ ಅವರು ರಾಮುಅಣ್ಣ) ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗೊತ್ತಾದದ್ದು, ಅವರಿಗೆ ಭಾಗಶಃ ವರ್ಣಾಂಧತೆಯಿದೆ ಎಂಬ ಸಂಗತಿ. ಬಣ್ಣಗಳ ಭೇದ ಕಾಣದವನು ವರ್ಣಚಿತ್ರಕಾರನಾಗುವುದೆಂತು? ಹದಿಹರೆಯದ ಹುಡುಗನಿಗೆ ಅದು ಸಣ್ಣ ಪೆಟ್ಟಾಗಿರಲಾರದು. ಆದರೆ ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಡ, ಗೆರೆ ಸಾಕು. ಆ ವಿದ್ಯೆಯನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರ ರೇಖಾಚಿತ್ರದ ಸಹಾಯಕ ಶಿಕ್ಷಕರಾದರು. ಪಾಠ ಹೇಳುತ್ತಲೇ ಅಲ್ಲಿಯ ಕಾರ್ಯಾಗಾರದಲ್ಲಿ ಕೈಕೆಲಸವನ್ನೂ ಕಲಿತುಕೊಂಡರು. ತಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಹುದ್ದೆಯನ್ನು ಬಿಟ್ಟು ಊರಿನ ದಾರಿ ಹಿಡಿದರು.

ಊರೆಂದರೆ ಬೆಳಗಾವಿ. ಅಲ್ಲಿ ಅಣ್ಣತಮ್ಮಂದಿರ ಸೈಕಲ್ ವ್ಯಾಪಾರ ಮೊದಲೇ ಆರಂಭವಾಗಿತ್ತು. ತಮ್ಮ ಮುಂಬಯಿಯಲ್ಲಿ ಕೊಂಡು ಕಳುಹಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಸವಾರಿ ಕಲಿಸಲು ಪ್ರತ್ಯೇಕವಾಗಿ 15 ರೂಪಾಯಿ! ಆ ಕಾಲದ ರೂಪಾಯಿಯ ಬೆಲೆ ಬಲ್ಲವರಿಗೆ ಈ ವಾಹನ ಯಾರ ಮನೆಗೆ ಹೋಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಕಿರ್ಲೋಸ್ಕರ್ ಸಮೂಹವು ತನ್ನ ಜನ್ಮವರ್ಷವೆಂದು ಎಣಿಸುವುದು 1888ನ್ನು. ಆ ಅಂಗಡಿಯಿದ್ದ ಬೀದಿಗೆ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆಯೆಂದೇ ಹೆಸರು.

ಅಂಗಡಿಯ ಪಕ್ಕದಲ್ಲಿ ಕಾರ್ಯಾಗಾರ ಬೆಳೆಯಿತು. ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಇಲ್ಲಿಂದ ಲಕ್ಷ್ಮಣರಾಯರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ನಂಬಿಕೆ. ನೇಗಿಲು ಅಂಗಡಿಯಲ್ಲಿ ತುಕ್ಕು ಹಿಡಿಯುತ್ತ ಕೂತಿತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ರೈತರ ಮೌಢ್ಯವೆಂದು ನಕ್ಕುಬಿಡುವುದು ಸುಲಭ. ನಮಗೆ ಹಾಗೆನಿಸುವುದಿಲ್ಲ. ವರ್ಷಕ್ಕೊಂದು ಬೆಳೆಯನ್ನೇ ನಂಬಿದವನು, ಊರ ಬಡಗಿ ಮಾಡಿಕೊಟ್ಟ ಮರದ ನೇಗಿಲನ್ನು ಬದಿಗಿಟ್ಟು, ಪೇಟೆಯ ಅಂಗಡಿಯವನ ಮಾತಿಗೆ ತನ್ನ ಹೊಲವನ್ನು ಪಣವೊಡ್ಡುವುದಾದರೂ ಹೇಗೆ? ಲಕ್ಷ್ಮಣರಾಯರು ರೈತನನ್ನು ಹಳಿಯದೆ ನೇಗಿಲನ್ನು ಸುಧಾರಿಸುತ್ತ ಹೋದರು, ಕಾದರು.

ನೇಗಿಲಿಗೆ ಬೇಡಿಕೆ ಹುಟ್ಟಿದ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಊರನ್ನು ವಿಸ್ತರಿಸಲು ಹೊರಟ ಪುರಸಭೆಗೆ ಕಾರ್ಯಾಗಾರದ ಜಾಗ ಬೇಕಾಯಿತು. ಕಟ್ಟಿಕೊಂಡಿದ್ದುದನ್ನೆಲ್ಲ ಕಿತ್ತು ಹೊರಡಬೇಕಾಗಿ ಬಂದಾಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದ ರಾಜರೆಂದು ಹಿರಿಯರಿಗೆ ನೆನಪಿದ್ದೀತು. ಅವರು 10,000 ರೂಪಾಯಿ ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಕೊಟ್ಟರು. ಭೂಮಿಯ ತುಂಬ ಪಾಪಾಸುಕಳ್ಳಿ, ಅದರ ಬುಡದಲ್ಲಿ ನಾಗರಹಾವು. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿ ಆರಂಭವಾಯಿತು. 25 ಕೆಲಸಗಾರರು ಸಂಸಾರ ಸಮೇತ ಬೆಳಗಾವಿಯ ನೆರಳನ್ನು ಬಿಟ್ಟು ಆ ಬಯಲಿಗೆ ಬಂದರು. ಅವರ ಧೈರ್ಯವನ್ನು ಲಕ್ಷ್ಮಣರಾಯರ ಧೈರ್ಯಕ್ಕಿಂತ ಕಡಿಮೆಯೆಂದು ನಾವು ಎಣಿಸುವುದಿಲ್ಲ. ಬಂಡವಾಳಗಾರನಿಗೆ ಸೋತರೆ ಇನ್ನೊಂದು ದಾರಿ ಉಂಟು. ಮಕ್ಕಳನ್ನು ಎತ್ತಿಕೊಂಡು ಬಂದ ಕಮ್ಮಾರನಿಗೆ?

ಅವರು ಕಟ್ಟಲು ಹೊರಟದ್ದು ಕಾರ್ಖಾನೆಯನ್ನಷ್ಟೇ ಆಗಿರಲಿಲ್ಲ, ಒಂದು ಊರನ್ನೇ. ಮನೆಗಳು, ಬೀದಿಗಳು, ಶಾಲೆ ಎಲ್ಲವೂ ಒಂದೊಂದಾಗಿ ಎದ್ದವು. ಅಸ್ಪೃಶ್ಯತೆಯ ಆಚರಣೆಗೆ ಆ ಊರಿನಲ್ಲಿ ಅವಕಾಶವಿರಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೇ ಕಾವಲಿಗಿಟ್ಟುಕೊಂಡರು. ಶಾಲೆಯಲ್ಲಿ ಸೋತವರಿಗೆ ಹೊಣೆಯ ಕೆಲಸ ವಹಿಸಿದರು. ಶಾಲೆಯನ್ನು ತಾವೇ ಒಲ್ಲದಿದ್ದವರಲ್ಲವೇ! 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನಿಯಮಿತ ಸಂಸ್ಥೆಯಾಯಿತು. ಅದೇ ವರ್ಷ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಆರಂಭವಾದ ಪತ್ರಿಕೆ ಮುಂದೆ ಮರಾಠಿಯ ಹೆಸರಾಂತ ಮಾಸಿಕವಾಗಿ ಬೆಳೆದದ್ದು ಬೇರೆಯೇ ಕಥೆ. ನಾವು ಪುಣೆಯಿಂದ ಮೀರಜ್ ಮಾರ್ಗವಾಗಿ ಬೆಳಗಾವಿಗೆ ಹೋಗುವಾಗ ಕುಂಡಲ್ ರೋಡ್ ಎಂಬ ನಿಲ್ದಾಣ ಸಿಗುವುದಿಲ್ಲ. ಅದರ ಹೆಸರೇ ಕಿರ್ಲೋಸ್ಕರವಾಡಿ ಎಂದಾಗಿದೆ.

ಇನ್ನು ಪಂಪಿನ ವಿಷಯಕ್ಕೆ ಬರೋಣ. ನೇಗಿಲಿನಿಂದ ಉತ್ತ ಹೊಲಕ್ಕೆ ನೀರು ಬೇಕು. ನೀರೆತ್ತಲು ಆಗ ಇದ್ದದ್ದು ಕಪಿಲೆ; ಮರಾಠಿಯಲ್ಲಿ ಮೋಟ್ ಎನ್ನುತ್ತಾರೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ಚರ್ಮದ ಚೀಲದಲ್ಲಿ ನೀರನ್ನು ಮೇಲಕ್ಕೆಳೆಯಬೇಕು. 1926ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕೇಂದ್ರಾಪಗಾಮಿ ಪಂಪು ತಯಾರಾಯಿತು. ಮಜ್ಜಿಗೆ ಕಡೆಯುವಾಗ ಮಜ್ಜಿಗೆ ಗಡಿಗೆಯ ಅಂಚಿಗೆ ಏರುವುದನ್ನು ನೋಡಿದವರಿಗೆ ಅದರ ತತ್ತ್ವ ಗೊತ್ತು: ಒಳಗಿನ ಚಕ್ರ ವೇಗವಾಗಿ ತಿರುಗಿ ನೀರನ್ನು ಅಂಚಿಗೆಸೆಯುತ್ತದೆ, ಎಸೆದ ನೀರು ಕೊಳವೆಯಲ್ಲಿ ಮೇಲೇರುತ್ತದೆ. ಆದರೆ ಈ ಚಕ್ರ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗಬೇಕು. ಎತ್ತಿನ ಕಾಲಿಗೆ ಆ ವೇಗವೆಲ್ಲಿಂದ ಬರಬೇಕು? ಎಣ್ಣೆಯ ಎಂಜಿನ್ನಾದರೂ ಬೇಕು, ವಿದ್ಯುತ್ ಮೋಟಾರಾದರೂ ಬೇಕು.

ಮೋಟಾರಿನ ಮೂಲಕ್ಕೆ ಹೋಗಬೇಕಾದರೆ 1820ರ ಕೋಪನ್‌ಹೇಗನ್ನಿಗೆ ಹೋಗಬೇಕು. ವಿದ್ಯುತ್ ಹರಿಯುತ್ತಿದ್ದ ತಂತಿಯ ಬಳಿ ಇಟ್ಟ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ಹೊರಳಿದ್ದನ್ನು ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡರು. ವಿದ್ಯುತ್ತು ಬೇರೆ, ಅಯಸ್ಕಾಂತ ಬೇರೆ ಎಂದು ತಿಳಿದಿದ್ದ ಲೋಕಕ್ಕೆ ತಂತಿಯ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆಂಬುದು ಅಂದು ತಿಳಿಯಿತು. ಒಂದು ಟಾರ್ಚಿನ ಸೆಲ್ಲು, ಒಂದು ಮೊಳ ತಂತಿ, ಒಂದು ಚಿಕ್ಕ ದಿಕ್ಸೂಚಿ ಇದ್ದರೆ ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದು. ತಂತಿಯನ್ನು ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ, ಹೆಚ್ಚು ಹೊತ್ತು ಬಿಟ್ಟರೆ ತಂತಿ ಬಿಸಿಯಾಗುತ್ತದೆ. ಮರುವರ್ಷವೇ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದರು. 1831ರಲ್ಲಿ ಇದರ ವಿಲೋಮವಾಗಿ, ಬದಲಾಗುವ ಕಾಂತಕ್ಷೇತ್ರದಿಂದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಿದರು. ನಿಕೋಲಾ ಟೆಸ್ಲಾ ಈ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಿ, ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಮೋಟಾರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1888ರಲ್ಲಿ. ಬೆಳಗಾವಿಯ ಸೈಕಲ್ ಅಂಗಡಿಯ ವರ್ಷವೂ ಅದೇ ಎಂಬುದು ಬರಿಯ ಕಾಕತಾಳೀಯ.

ರೈತನ ಬಾವಿಯ ಮೇಲಿರುವ ಮೋಟಾರು ಬಹುಮಟ್ಟಿಗೆ ಈ ಜಾತಿಯದೇ. ಹೊರಗಿನ ಸ್ಥಿರ ಭಾಗದಲ್ಲಿ ತಾಮ್ರದ ತಂತಿಯ ಸುರುಳಿಗಳು. ಮೂರು ಫೇಸಿನ ವಿದ್ಯುತ್ ಅವುಗಳಲ್ಲಿ ಒಂದರ ಹಿಂದೊಂದು ಏರಿಳಿಯುತ್ತ ಹರಿದಾಗ ಕಾಂತಕ್ಷೇತ್ರವು ಒಳಗೆ ಸುತ್ತತೊಡಗುತ್ತದೆ. ಸೆಕೆಂಡಿಗೆ 50 ಆವರ್ತನದ ನಮ್ಮ ವಿದ್ಯುತ್ತಿನಲ್ಲಿ, ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ನಡುವಿನ ಉರುಳೆಗೆ ಹೊರಗಿನಿಂದ ಯಾವ ತಂತಿಯ ಸಂಪರ್ಕವೂ ಇಲ್ಲ. ಸುತ್ತುವ ಕ್ಷೇತ್ರವೇ ಅದರ ಲೋಹದ ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ, ಆ ವಿದ್ಯುತ್ತನ್ನು ಹಿಡಿದು ಉರುಳೆಯನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಉರುಳೆ ಎಂದೂ ಕ್ಷೇತ್ರದ ವೇಗವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅದರ ಪಾಲಿಗೆ ಕ್ಷೇತ್ರ ಬದಲಾಗುವುದೇ ನಿಂತು, ವಿದ್ಯುತ್ತೂ ಎಳೆತವೂ ಇಲ್ಲವಾಗುತ್ತವೆ. ಹಾಗಾಗಿಯೇ ಮೋಟಾರಿನ ಫಲಕದ ಮೇಲೆ 1500ರ ಬದಲು 1440 ಎಂಬಂತಹ ಅಂಕಿಯಿರುತ್ತದೆ. ಪಂಪಿನ ಚಕ್ರ ಬೇಡುವ ವೇಗ ಇದೇ ಆದ್ದರಿಂದ ನಡುವೆ ಹಲ್ಲುಚಕ್ರವಾಗಲಿ ಪಟ್ಟಿಯಾಗಲಿ ಬೇಕಿಲ್ಲ. ಎರಡನ್ನೂ ನೇರವಾಗಿ ಜೋಡಿಸಿದರೆ ಆಯಿತು.

ಮೋಟಾರು ಇದ್ದರೆ ಸಾಲದು, ವಿದ್ಯುತ್ತೂ ಬೇಕಲ್ಲ. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತ್ತು. ನಮ್ಮ ಪಶ್ಚಿಮ ಘಟ್ಟದ ಖೋಪೋಲಿಯಲ್ಲಿ ಟಾಟಾ ಅವರ ಜಲವಿದ್ಯುತ್ ಆರಂಭವಾದದ್ದು 1915ರಲ್ಲಿ. ಆದ್ದರಿಂದ ಕಿರ್ಲೋಸ್ಕರರು ಮತ್ತೆ ಕನ್ನಡ ನಾಡಿನತ್ತ ಮುಖ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ತಯಾರಿಕೆಗಾಗಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1946ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು: ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳಿಗಾಗಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ವಿದ್ಯುತ್ತು ತಲುಪದ ಹೊಲಕ್ಕೆ ಎಂಜಿನ್ನು, ತಲುಪಿದ ಹೊಲಕ್ಕೆ ಮೋಟಾರು. ಎಷ್ಟು ಸರಳವಾದ ವಿಂಗಡಣೆ!

ಆ ಹೊತ್ತಿಗೆ ಲಕ್ಷ್ಮಣರಾಯರಿಗೆ 77 ವರ್ಷ. ಈ ಕಾರ್ಖಾನೆಗಳನ್ನು ನಡೆಸಿದವರು ಮಕ್ಕಳೆಂಬುದನ್ನು ಮರೆಯಬಾರದು. ಪುಣೆಯದು ಅಮೆರಿಕದ ಎಂ.ಐ.ಟಿ.ಯಲ್ಲಿ 1926ರಲ್ಲಿ ಪದವಿ ಪಡೆದು ಬಂದಿದ್ದ ಹಿರಿಯ ಮಗ ಶಂತನುರಾಯರ ಹೊಣೆ. ಬೆಂಗಳೂರಿನದು ರವಿ ಕಿರ್ಲೋಸ್ಕರರದು. ಲಕ್ಷ್ಮಣರಾಯರು ವಿದ್ಯುತ್ ವಿಜ್ಞಾನಿಗಳಾಗಿರಲಿಲ್ಲ, ಯಾವ ಹೊಸ ನಿಯಮವನ್ನೂ ಕಂಡುಹಿಡಿದವರಲ್ಲ. ಕೋಪನ್‌ಹೇಗನ್ನಿನ ಮೇಜಿನ ಮೇಲೆ ಹೊರಳಿದ ಮುಳ್ಳಿಗೂ ಸವದತ್ತಿಯ ಬಾವಿಗೂ ನಡುವೆ ಅಚ್ಚು ಹಾಕುವವರು, ಎರಕ ಹೊಯ್ಯುವವರು, ಅಳತೆ ತಪ್ಪದೆ ಕಡೆಯುವವರು ಬೇಕಾಗಿದ್ದರು. ಅಂಥವರನ್ನು ಹಳ್ಳಿಗಳಿಂದಲೇ ತಯಾರು ಮಾಡಬಹುದೆಂದು ಕಳ್ಳಿಯ ಬಯಲಿನಲ್ಲಿ ತೋರಿಸಿದ್ದು ಅವರ ಸಾಧನೆ ಎಂಬುದು ನಮ್ಮ ಅಭಿಪ್ರಾಯ. ಶಂತನುರಾಯರು 1982ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಕ್ಯಾಕ್ಟಸ್ ಅಂಡ್ ರೋಸಸ್ ಎಂದು ಹೆಸರಿಟ್ಟರು.

ಈ ಕಥೆಯಲ್ಲಿ ಎಲ್ಲವೂ ಉಳಿದು ಬಂದಿದೆ ಎನ್ನಲಾಗದು. ಹರಿಹರದ ಕಾರ್ಖಾನೆ ಮುಚ್ಚಿಹೋಯಿತು. ಅದನ್ನೇ ನಂಬಿ ಬೆಳೆದಿದ್ದ ಆ ಪಟ್ಟಣದ ಸಂಸಾರಗಳ ಕಷ್ಟವನ್ನು ದಾವಣಗೆರೆ ಸೀಮೆಯ ನಮ್ಮ ಬಂಧುಗಳು ಚೆನ್ನಾಗಿ ಬಲ್ಲರು. ಒಂದು ಕಾರ್ಖಾನೆಯ ಸುತ್ತ ಊರು ಕಟ್ಟುವುದರಲ್ಲಿರುವ ಅಪಾಯವೂ ಇದೇ. ಬೆಂಗಳೂರಿನ ವಿದ್ಯುತ್ ಮೋಟಾರಿನ ಸಂಸ್ಥೆ ಹುಬ್ಬಳ್ಳಿಯಲ್ಲೂ ಕಾರ್ಖಾನೆ ತೆರೆಯಿತು; ಧಾರವಾಡ ಸೀಮೆಯ ಎಷ್ಟೋ ಯುವಕರು ಅಲ್ಲಿ ದುಡಿದರು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ನಿಧನರಾದರು. ಆಗ ಅವರಿಗೆ 87 ವರ್ಷ. ಐದು ವಾರಗಳ ನಂತರ, ನವೆಂಬರ್ 1ರಂದು, ಅವರು ಹುಟ್ಟಿದ ಗುರ್ಲಹೊಸೂರು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಿರ್ಲೋಸ್ಕರವಾಡಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅವರ ಜನ್ಮಶತಾಬ್ದಿಯ ದಿನವಾದ 1969ರ ಜೂನ್ 20ರಂದು ಭಾರತ ಸರ್ಕಾರದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.